ಪಕ್ಕದ ಕೋಣೆಯ ಸಿಗ್ನಲ್

ಹನ್ನೊಂದು ವರ್ಷ ಮೇಷ್ಟ್ರು ಒಂದೇ ಪಾಠ ಮಾಡಿದ್ದರು. ತಂತಿಯಿಲ್ಲದೆ ಕಂಪ್ಯೂಟರುಗಳು ಒಂದರ ಜೊತೆ ಒಂದು ಹೇಗೆ ಮಾತಾಡುತ್ತವೆ, ಆ ಮಾತನ್ನು ಕಂಡವರು ಕದ್ದು ಕೇಳದಂತೆ ಬೀಗ ಹಾಕುವುದು ಹೇಗೆ. ತರಬೇತಿ ಕೇಂದ್ರದ ಫಲಕದಲ್ಲಿ ಅದಕ್ಕೆ ‘ವೈರ್‌ಲೆಸ್ ನೆಟ್‌ವರ್ಕ್: ಪರಿಚಯ ಮತ್ತು ಸುರಕ್ಷತೆ’ ಎಂಬ ಉದ್ದನೆಯ ಹೆಸರಿತ್ತು. ಜನರ ಬಾಯಲ್ಲಿ ಅದು ವೈಫೈ ಮೇಷ್ಟ್ರ ಕ್ಲಾಸು. ಹನ್ನೆರಡನೆಯ ವರ್ಷದ ಮೊದಲ ಸೋಮವಾರ ಪ್ರಿನ್ಸಿಪಾಲರು ಅವರನ್ನು ಕರೆಸಿ, ಕುರ್ಚಿ ತೋರಿಸಿ, ಕಾಫಿ ತರಿಸಿ, ಆಮೇಲೆ ಆ ತರಗತಿಯನ್ನು ಹೊಸ ಮೇಡಂಗೆ ಕೊಟ್ಟಿರುವುದಾಗಿ ಹೇಳಿದರು. ಮೇಷ್ಟ್ರಿಗೆ ಉಳಿದದ್ದು ಟೈಪಿಂಗ್.

ಕುರ್ಚಿ ತೋರಿಸಿದಾಗಲೇ ತಮಗೆ ಅನುಮಾನ ಬರಬೇಕಿತ್ತು ಎಂದು ಅವರು ಆಮೇಲೆ ಅಂದುಕೊಂಡರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವರಿಗೆ ಯಾರೂ ಕೂತ್ಕೊಳ್ಳಿ ಎಂದಿರಲಿಲ್ಲ.

ಹೊಸ ಮೇಡಂ ಹೊಸಬಳೇನಲ್ಲ. ಮೇಷ್ಟ್ರದೇ ಹಳೆಯ ವಿದ್ಯಾರ್ಥಿನಿ. ಮೂರನೆಯ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ ಅವರ ಜೀವ ತಿಂದಿದ್ದವಳು. ಈಗ ಅವರದೇ ಟಿಪ್ಪಣಿ ಹಿಡಿದು, ಅವರದೇ ಕಂಪ್ಯೂಟರ್ ಹಾಲಿನಲ್ಲಿ, ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲುತ್ತಿದ್ದಳು. ಮೇಷ್ಟ್ರಿಗೆ ನೋವಾಗಿತ್ತು. ಅವರು ಅದಕ್ಕೆ ಕೋಪ ಎಂದು ಹೆಸರಿಟ್ಟುಕೊಂಡರು, ಏಕೆಂದರೆ ಕೋಪಕ್ಕಾದರೆ ಏನಾದರೂ ಮಾಡಬಹುದು.

ಮಾಡುವುದಕ್ಕೆ ದಾರಿಯನ್ನು ಅವಳೇ ತೋರಿಸಿದಳು. ಬಂದ ವಾರವೇ ಹಾಲಿನ ನೆಟ್‌ವರ್ಕಿನ ಪಾಸ್‌ವರ್ಡ್ ಬದಲಿಸಿದಳು. ಒಳ್ಳೆಯದೇ. ಆದರೆ ವಿದ್ಯಾರ್ಥಿಗಳು ಮರೆಯುತ್ತಾರೆಂದು ಅದನ್ನು ಬಿಳಿ ಹಲಗೆಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಬರೆದಿಟ್ಟಳು. ಕಾರಿಡಾರಿನಲ್ಲಿ ಹೋಗುತ್ತ ಕಿಟಕಿಯಿಂದ ಅದನ್ನು ಕಂಡ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಸುರಕ್ಷತೆ ಕಲಿಸುವ ಕೋಣೆಯಲ್ಲಿ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ್ದಳು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗುರುವಾರ ಮೂವರ ಸಮಿತಿಯೊಂದು ಬಂದು ಅವಳ ಪಾಠ ನೋಡುವುದಿತ್ತು. ಅವರು ತಲೆಯಾಡಿಸಿದರೆ ತರಗತಿ ಖಾಯಂ ಆಗಿ ಅವಳದು. ಮೂಗು ಮುರಿದರೆ ಮತ್ತೆ ಮೇಷ್ಟ್ರದು. ಇಷ್ಟು ಸರಳವಾದ ಲೆಕ್ಕಕ್ಕೆ ಸ್ವಲ್ಪ ಕೈ ಸೇರಿಸಿದರೆ ಅದೇನು ಮಹಾಪಾಪವಲ್ಲ ಎಂದು ಮೇಷ್ಟ್ರು ತೀರ್ಮಾನಿಸಿದರು.

ಉಪಾಯ ಅವರದೇ ಏಳನೆಯ ಪಾಠದಲ್ಲಿತ್ತು. ಫೋನು, ಕಂಪ್ಯೂಟರು ಯಾವುದೂ ನೆಟ್‌ವರ್ಕನ್ನು ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಹೆಸರು ಕೇಳುತ್ತವೆ, ಪಾಸ್‌ವರ್ಡ್ ಕೇಳುತ್ತವೆ, ಎರಡೂ ಸರಿಯಿದ್ದರೆ ನಂಬುತ್ತವೆ. ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಂಡು ಇನ್ನೊಂದು ವೈಫೈ ಪೆಟ್ಟಿಗೆ ಹತ್ತಿರದಿಂದ ಜೋರಾಗಿ ಕೂಗಿದರೆ ಆ ಕಡೆಗೇ ಓಡುತ್ತವೆ, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದವರನ್ನೆಲ್ಲ ಅತ್ತೆ ಎಂದು ನಂಬುವ ಮಗುವಿನ ಹಾಗೆ. ಹಾಲಿನ ಅಸಲಿ ಪೆಟ್ಟಿಗೆ ದೂರದ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಉಸಿರುಕಟ್ಟಿಕೊಂಡು ಕೂತಿತ್ತು. ಟೈಪಿಂಗ್ ಕೋಣೆಗೂ ಹಾಲಿಗೂ ನಡುವೆ ಇದ್ದದ್ದು ತೆಳ್ಳನೆಯ ಮರದ ಗೋಡೆ, ಅದರಲ್ಲೊಂದು ಚಿಲಕ ಹಾಕಿದ ಬಾಗಿಲು.

ಮೇಷ್ಟ್ರು ಬಸ್ಸಿನಲ್ಲಿ ಎರಡು ಗಂಟೆ ದೂರ ಹೋಗಿ, ಗುರುತಿಲ್ಲದ ಅಂಗಡಿಯಿಂದ ಹಳೆಯ ಪೆಟ್ಟಿಗೆಯೊಂದನ್ನು ತಂದರು. ಇಂಥ ಪ್ರತಿಯೊಂದು ಯಂತ್ರಕ್ಕೂ ಹುಟ್ಟಿನಿಂದ ಒಂದು ನಂಬರು ಇರುತ್ತದೆ. ಯಾರೂ ಜಾಡು ಹಿಡಿಯದಂತೆ ಪೆಟ್ಟಿಗೆಯದನ್ನೂ ತಮ್ಮ ಲ್ಯಾಪ್‌ಟಾಪಿನದನ್ನೂ ಬದಲಿಸಿದರು. ಲ್ಯಾಪ್‌ಟಾಪಿಗೆ ತಮ್ಮ ಹೆಸರಿದ್ದದ್ದನ್ನು ತೆಗೆದು ‘ಅತಿಥಿ’ ಎಂದಿಟ್ಟರು. ಪೆಟ್ಟಿಗೆಯನ್ನು ಕರವಸ್ತ್ರದಿಂದ ಮೂರು ಸಲ ಒರೆಸಿದರು. ಅದು ಬೇಕಿರಲಿಲ್ಲ, ಆದರೂ ಒರೆಸಿದಾಗ ಒಂದು ಗಾಂಭೀರ್ಯ ಬಂತು. ಆ ಪೆಟ್ಟಿಗೆಗೆ ಇಂಟರ್‌ನೆಟ್ ಇರಲಿಲ್ಲ. ಅದಕ್ಕೆ ಅಂಟಿಕೊಂಡವರು ಏನು ತೆರೆದರೂ ಒಂದೇ ಪುಟ ಬರುತ್ತಿತ್ತು: ‘ಈ ನೆಟ್‌ವರ್ಕಿಗೆ ಕಾವಲಿಲ್ಲ. ಏಕೆಂದು ನಿಮ್ಮ ಗುರುಗಳನ್ನು ಕೇಳಿ.’ ಈ ಎರಡು ವಾಕ್ಯಕ್ಕೆ ಅವರು ಒಂದು ಸಂಜೆ ಖರ್ಚು ಮಾಡಿದ್ದರು.

ಯಾವ ಯಾವ ಯಂತ್ರ ಬಂದು ಬೀಳುತ್ತದೆ ಎಂಬುದನ್ನೂ ಬೆರಳು ಮಡಿಸಿ ಎಣಿಸಿದರು. ವಿದ್ಯಾರ್ಥಿಗಳ ಹದಿನೆಂಟು ಕಂಪ್ಯೂಟರು. ಅವಳ ಲ್ಯಾಪ್‌ಟಾಪು, ಫೋನು. ಪ್ರಿನ್ಸಿಪಾಲರ ಫೋನು. ತಮ್ಮದೊಂದು. ಒಟ್ಟು ಇಪ್ಪತ್ತೆರಡು.

ಗುರುವಾರ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ಎರಡನೆಯ ಸಲ ತಲೆ ಬಾಚಿಕೊಳ್ಳುತ್ತಿದ್ದುದನ್ನು ಹೆಂಡತಿ ಕಂಡರು.

“ಸಮಿತಿ ಬರೋದು ಅವಳ ಕ್ಲಾಸಿಗೆ. ನಿಮಗ್ಯಾಕೆ ಈ ಅಲಂಕಾರ?”

“ಕರೆದರೆ ಹೋಗಬೇಕಾಗುತ್ತೆ.”

“ಅವಳು ನಿಮ್ಮ ಹತ್ರ ಕಲಿತವಳು ತಾನೆ? ಚೆನ್ನಾಗಿ ಮಾಡಿದ್ರೆ ಹೆಸರು ಯಾರಿಗ್ರೀ ಬರೋದು?”

“ಹೆಸರು ಬಂದ್ರೆ ಸಾಕಾ? ಕ್ಲಾಸು ಬರಬೇಡವಾ?” ಎಂದು ಮೇಷ್ಟ್ರು ಬಾಚಣಿಗೆ ಕೆಳಗಿಟ್ಟರು.

ಹತ್ತು ಗಂಟೆಗೆ ಅವರು ಟೈಪಿಂಗ್ ಕೋಣೆ ಸೇರಿದರು. ಗುರುವಾರ ಟೈಪಿಂಗ್ ತರಗತಿಯಿಲ್ಲ. ಪ್ರಶ್ನೆಪತ್ರಿಕೆ ತಯಾರಿಸಬೇಕೆಂದು ಕಚೇರಿಯಲ್ಲಿ ಹೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿಯೇ ಬೀಗದ ಕೈ ಪಡೆದಿದ್ದರು. ಕಳ್ಳನಾದವನು ಸಹಿ ಹಾಕುವುದಿಲ್ಲ ಎಂದು ಜನ ನಂಬುತ್ತಾರೆ. ಗೋಡೆಗೆ ಒತ್ತಿ ಪೆಟ್ಟಿಗೆ ಇಟ್ಟರು, ಲ್ಯಾಪ್‌ಟಾಪ್ ತೆರೆದು ಅದಕ್ಕೆ ಜೋಡಿಸಿಕೊಂಡರು, ಕಾದರು.

ಆಚೆ ಕುರ್ಚಿ ಎಳೆದ ಸದ್ದಾಯಿತು. ಪ್ರಿನ್ಸಿಪಾಲರ ಸ್ವಾಗತದ ಮಾತು. ಆಮೇಲೆ ಅವಳ ದನಿ, “ಎಲ್ಲರೂ ಕಂಪ್ಯೂಟರ್ ಆನ್ ಮಾಡ್ಕೊಳ್ಳಿ.” ಮೇಷ್ಟ್ರ ಪರದೆಯ ಮೇಲೆ ಅಂಕಿ ಏರತೊಡಗಿತು. ಐದು. ಹನ್ನೆರಡು. ಹತ್ತೊಂಬತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಎಲ್ಲವೂ ಬರುತ್ತಿದ್ದವು. ಇಪ್ಪತ್ತೆರಡಕ್ಕೆ ನಿಲ್ಲಬೇಕಿದ್ದದ್ದು ಇಪ್ಪತ್ತಮೂರಕ್ಕೆ ನಿಂತಿತು. ಯಾರೋ ವಿದ್ಯಾರ್ಥಿ ನಿಯಮ ಮೀರಿ ತರಗತಿಗೆ ಫೋನು ತಂದಿದ್ದಾನೆ ಎಂದುಕೊಂಡರು. ಶಿಸ್ತು ಎಂಬುದೇ ಇಲ್ಲ ಇವಳ ತರಗತಿಯಲ್ಲಿ.

ಆಚೆ ಗುಸುಗುಸು ಶುರುವಾಯಿತು. ಯಾರೋ ಕಿಸಕ್ಕೆಂದರು. ಅವಳು ಏನೋ ಸಮಜಾಯಿಷಿ ಹೇಳುತ್ತಿದ್ದಳು. ಮೇಷ್ಟ್ರು ಕಿವಿಯನ್ನು ಗೋಡೆಗೆ ಕೊಟ್ಟು ಕೇಳಿದರು, ಮಾತು ಸ್ಪಷ್ಟವಾಗಲಿಲ್ಲ. ನಗು ಮಾತ್ರ ಸ್ಪಷ್ಟವಾಗಿತ್ತು.

ಇನ್ನು ಕೆಲಸ ಮುಗಿದಂತೆಯೇ. ಪೆಟ್ಟಿಗೆ ಮುಚ್ಚಿ ಎದ್ದುಹೋಗಬಹುದಿತ್ತು. ಆದರೆ ಸಂತೋಷ ಬಂದಾಗ ಸುಮ್ಮನಿರುವುದು ಎಲ್ಲರಿಂದಲೂ ಆಗುವುದಿಲ್ಲ. ಪ್ರಿನ್ಸಿಪಾಲರಿಗೆ ಸಂಜೆ ಕೊಡಬೇಕಾದ ಪತ್ರವನ್ನು ಈಗಲೇ ಬರೆದಿಟ್ಟರೆ ಹೇಗೆ ಎನ್ನಿಸಿತು. ‘ಮಾನ್ಯರೇ, ಇಂದು ಹಾಲಿನಲ್ಲಿ ನಡೆದ ಘಟನೆ ತಿಳಿದು ನನಗೆ ತೀವ್ರ ಆಘಾತವಾಗಿದೆ. ಆ ವೇಳೆಯಲ್ಲಿ ನಾನು ಪ್ರಶ್ನೆಪತ್ರಿಕೆ ತಯಾರಿಸುವುದರಲ್ಲಿ ಮಗ್ನನಾಗಿದ್ದೆ.’

ಆಚೆ ಹಾಲಿಗೆ ಹಾಲೇ ಗೊಳ್ಳೆಂದಿತು. ಪಾಪ, ಅವಳ ಸ್ಥಿತಿ ಏನಾಗಿದೆಯೋ. ಮೇಷ್ಟ್ರು ‘ತೀವ್ರ’ ಎಂಬುದನ್ನು ಅಳಿಸಿ ‘ಅತೀವ’ ಎಂದು ಬರೆದರು. ಮತ್ತೆ ನಗು. ‘ಅತೀವ’ ಸ್ವಲ್ಪ ಹೆಚ್ಚಾಯಿತೆನಿಸಿ ಮತ್ತೆ ‘ತೀವ್ರ’ ಮಾಡಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸಮಿತಿಯವರೆದುರು ಇಷ್ಟು ಅವಮಾನ ಮಾಡಬಾರದಿತ್ತು ವಿದ್ಯಾರ್ಥಿಗಳು. ಮೂರನೆಯ ಬೆಂಚಿನ ಆ ಹುಡುಗಿ, ಪರೀಕ್ಷೆಯ ದಿನ ಜ್ವರದಲ್ಲೂ ಬಂದು ಬರೆದವಳು, ಈಗ ಅಲ್ಲಿ ಒಬ್ಬಳೇ ನಿಂತಿರುತ್ತಾಳೆ. ‘ಆಕೆ ಬುದ್ಧಿವಂತೆ, ನನ್ನ ಅತ್ಯುತ್ತಮ ವಿದ್ಯಾರ್ಥಿನಿ. ಚಿಕ್ಕ ವಯಸ್ಸು. ದಯವಿಟ್ಟು ಕ್ಷಮಿಸಬೇಕು. ತರಗತಿಯನ್ನು ನಾನೇ ಹೇಗೋ ನಿಭಾಯಿಸುತ್ತೇನೆ’ ಎಂದು ಸೇರಿಸಿದರು. ಈ ಸಲ ಆಚೆಯಿಂದ ನಗು ಬರಲಿಲ್ಲ. ಅಯ್ಯೋ ಎಂಬಂಥ ಒಂದು ಸದ್ದು ಬಂತು.

ಆಮೇಲೆ ನಡುವಿನ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಟವೆಲ್ ಹಾಕಿ, ಮುಖಕ್ಕೆ ತೀವ್ರ ಆಘಾತ ತಂದುಕೊಂಡು ಚಿಲಕ ತೆಗೆದರು. ಹೊಸ ಮೇಡಂ ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು; ನಕ್ಕು ಒದ್ದೆಯೋ ಬೇರೆಯೋ ತಿಳಿಯಲಿಲ್ಲ.

“ಸರ್, ಏಳನೇ ಪಾಠ ನೀವೇ ಪಕ್ಕದ ಕೋಣೆಯಿಂದ ಪ್ರಯೋಗ ಮಾಡಿ ತೋರಿಸ್ತಿದೀರಿ ಅಂತ ಸಮಿತಿಯವರಿಗೆ ಹೇಳಿ ಹೇಗೋ ಸಂಭಾಳಿಸಿದ್ದೆ” ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. “ನೀವು ಪತ್ರ ಶುರು ಮಾಡಿದ ಮೇಲೆ ಕಷ್ಟ ಆಯ್ತು. ಪ್ರಿನ್ಸಿಪಾಲ್ ಸರ್ ಹಿಂದಿನ ಸಾಲಲ್ಲಿದಾರೆ, ಕೊನೇ ವಾಕ್ಯ ಓದೋಕಾಗ್ತಿಲ್ಲವಂತೆ. ಅಕ್ಷರ ಸ್ವಲ್ಪ ದೊಡ್ಡದು ಮಾಡ್ಬೇಕಂತೆ.”

ಅವಳ ಹೆಗಲಾಚೆ ಹಾಲಿನ ಬಿಳಿ ಗೋಡೆ ಕಾಣುತ್ತಿತ್ತು. ಗೋಡೆಯ ತುಂಬ ಮೇಷ್ಟ್ರ ಪತ್ರ; ‘ನಿಭಾಯಿಸುತ್ತೇನೆ’ ಎಂಬುದರ ಪಕ್ಕದಲ್ಲಿ ಕರ್ಸರು ಕಣ್ಣು ಮಿಟುಕಿಸುತ್ತ ಮುಂದಿನ ಅಕ್ಷರಕ್ಕೆ ಕಾದಿತ್ತು. ಸಮಿತಿಯ ಮೂವರೂ ಕತ್ತು ತಿರುಗಿಸಿ ಅವರನ್ನು ನೋಡಿದರು. ಮೇಷ್ಟ್ರು ತಲೆ ಎತ್ತಿ ಚಾವಣಿ ನೋಡಿದರು. ಅಲ್ಲಿ ತೂಗುತ್ತಿದ್ದ ಪ್ರೊಜೆಕ್ಟರಿಗೂ ತಂತಿಯಿರಲಿಲ್ಲ. ಅದಕ್ಕೂ ಒಂದು ಹೆಸರು, ಒಂದು ಪಾಸ್‌ವರ್ಡ್ ಗೊತ್ತಿತ್ತು, ಜೋರಾಗಿ ಕರೆದವರ ಹತ್ತಿರ ಅದೂ ಹೋಗಿತ್ತು. ಇಪ್ಪತ್ತಮೂರನೆಯದು ಅದೇ. ದಿನಾ ಬೆಳಿಗ್ಗೆ ಜೋಡಿಸುವ ತಾಪತ್ರಯ ಬೇಡವೆಂದು, ಪ್ರೊಜೆಕ್ಟರು ತನ್ನದೇ ನೆಟ್‌ವರ್ಕಿನಲ್ಲಿ ಕಂಡ ತಕ್ಷಣ ಪರದೆಯನ್ನು ಗೋಡೆಗೆ ಕಳಿಸು ಎಂದು ಹನ್ನೊಂದು ವರ್ಷದ ಹಿಂದೆ ತಮ್ಮ ಲ್ಯಾಪ್‌ಟಾಪಿಗೆ ಹೇಳಿಟ್ಟವರು ಮೇಷ್ಟ್ರೇ. ಇನ್ನು ಸಾಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.