ಆರಿದ ಟೀ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಚಟ ಬಿಡಿಸುವ ಕೇಂದ್ರದ ಡಾಕ್ಟರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಅಫೀಮು, ಪುಡಿ ಎಂದು ಹಾಳಾದವರು ಅದನ್ನು ಬಿಟ್ಟಾಗ ಪಡುವ ನರಳಾಟಕ್ಕೆ ಕೊಡುವ ಮಾತ್ರೆಗಳು ಬೀರುವಿನಿಂದ ಮಾಯವಾಗಿದ್ದವು. ಬೀಗ ಒಡೆದಿರಲಿಲ್ಲ. ಮುಂದಿನ ಸಾಲಿನ ಡಬ್ಬಿಗಳು ಮುಗಿದು ಹಿಂದಿನ ಸಾಲಿಗೆ ಕೈ ಹಾಕಿದರೆ ಒಳಗೆ ಬರೀ ಹತ್ತಿ.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಇಲ್ಲ. ಎಲ್ಲರೂ ನಂಬಿಗಸ್ತರೇ."

"ನಂಬಿಕೆ ಇಲ್ಲದವರನ್ನ ಬೀರು ಹತ್ರ ಯಾರು ಬಿಡ್ತಾರೆ ಡಾಕ್ಟ್ರೇ?"

ಎಫ್‌ಐಆರ್ ಬರೆದದ್ದು ಹೆಡ್ ಕಾನ್‌ಸ್ಟೇಬಲ್ ಮೀಸೆಯಪ್ಪ. ಮೀಸೆ ಬೋಳಿಸಿ ವರ್ಷಗಳಾಗಿದ್ದರೂ ಠಾಣೆಯವರು ಹೆಸರನ್ನು ಬೋಳಿಸಲು ಬಿಟ್ಟಿರಲಿಲ್ಲ. ಬರೆಯುತ್ತಾ ಅವನ ಕೈ ತಡೆಯಿತು. ಆ ಕೇಂದ್ರದಲ್ಲಿ ಬಾಗಿಲು ಕಾಯುವುದು, ಸಾಲು ನಿಲ್ಲಿಸುವುದು, ಸರಕು ಬಂದಾಗ ಡಬ್ಬಿ ಜೋಡಿಸುವುದು ಅವನ ಸ್ವಂತ ತಮ್ಮ. ಒಂದು ಕಾಲದಲ್ಲಿ ಪುಡಿಗಾಗಿ ಮನೆಯ ಪಾತ್ರೆ ಮಾರಿದವನು, ಅಲ್ಲೇ ಗುಣವಾಗಿದ್ದ. ಕೆಲಸಕ್ಕಾಗಿ ಡಾಕ್ಟರ ಕೈಕಾಲು ಹಿಡಿದದ್ದು ಮೀಸೆಯಪ್ಪನೇ.

"ಮೇಡಂ, ನನ್ನ ತಮ್ಮ ಅಲ್ಲಿದ್ದಾನೆ."

"ಗೊತ್ತು. ಇವತ್ತು ಮಹಜರಿಗೆ ಬನ್ನಿ. ಆಮೇಲೆ ನೋಡೋಣ."

ಕೇಂದ್ರದ ಬಾಗಿಲಲ್ಲಿ ತಮ್ಮ ಸಾಲಿನವರನ್ನು ವಾಪಸ್ಸು ಕಳಿಸುತ್ತಿದ್ದ. ಅಣ್ಣನನ್ನು ನೋಡಿ ತಲೆ ಆಡಿಸಿದ, ಅಷ್ಟೇ. ಒಳಗೆ, ಉಳಿದಿದ್ದ ಕೊನೆಯ ಮಾತ್ರೆ ತೆಗೆದುಕೊಂಡ ಮುದುಕನೊಬ್ಬ ಬೆಂಚಿನ ಮೇಲೆ ಕೂತಿದ್ದ. ಮೇಡಂ ಏನೋ ಕೇಳಿದರೆ ಅವನು ಬಾಯಿ ಬಿಡಲಿಲ್ಲ.

"ಈಗ ಮಾತಾಡಲ್ಲ ಮೇಡಂ," ಎಂದರು ಸಿಸ್ಟರ್. "ಮಾತ್ರೆ ನಾಲಿಗೆ ಕೆಳಗಿದೆ. ಕರಗೋವರೆಗೂ ಮಾತಾಡಬಾರದು, ಟೀ ನೀರು ಏನೂ ಕುಡೀಬಾರದು. ನುಂಗಿದ್ರೆ ಸರಿಯಾಗಿ ಕೆಲಸ ಮಾಡಲ್ಲ."

"ಇದಕ್ಕೂ ಚಟ ಹತ್ತುತ್ತಾ?"

"ಡಾಕ್ಟ್ರು ಹೇಳಿದಷ್ಟು ತಗೊಂಡ್ರೆ ಜೀವ ಉಳಿಸುತ್ತೆ. ಇದರಿಂದ ಸಂಸಾರ ಉಳಿಸ್ಕೊಂಡವರು ಎಷ್ಟೋ ಜನ. ಕೆಲವರು ಕದ್ದುಮುಚ್ಚಿ ಜಾಸ್ತಿ ತಗೊಳ್ತಾರೆ. ಕಂಡುಹಿಡಿಯೋದು ಕಷ್ಟ. ಜಗಳ ಇಲ್ಲ, ತೂರಾಟ ಇಲ್ಲ. ಸುಮ್ಮನೆ ಮಂಕಾಗಿ ಕೂತಿರ್ತಾರೆ. ಮನೆಯವ್ರು, ಅಬ್ಬಾ ಬುದ್ಧಿ ಬಂತು ಅಂದ್ಕೊಳ್ತಾರೆ."

ಮಹಜರು ಬರೆಯುತ್ತಿದ್ದ ಮೀಸೆಯಪ್ಪನ ಕಣ್ಣ ಮುಂದೆ ಮನೆಯ ಅಡುಗೆಕೋಣೆ ಬಂದು ನಿಂತಿತು.

ಸಂಜೆ ಮನೆಗೆ ಹೋದರೆ ಎಲ್ಲ ಎಂದಿನಂತೆಯೇ ಇತ್ತು. ಅಮ್ಮ ಟೀ ತಂದಿಟ್ಟಳು. ತಮ್ಮ ಲೋಟವನ್ನು ಮುಟ್ಟದೆ ನೋಡುತ್ತಾ ಕೂತ. ಹೀಗೆ ಕೂರುವುದು ಅವನಿಗೆ ಅಭ್ಯಾಸವಾಗಿ ವರ್ಷವೇ ಆಗಿತ್ತು. ಬೆಳಿಗ್ಗೆಯ ತನ್ನ ಡೋಸನ್ನು ಅವನೂ ಸಿಸ್ಟರ್ ಎದುರಿಗೇ ತೆಗೆದುಕೊಳ್ಳಬೇಕು, ಮಾತ್ರೆ ಮನೆಗೆ ಕೊಡುವುದಿಲ್ಲ. ಹಾಗಾದರೆ ಸಂಜೆ ಇವನ ಟೀ ಆರುವುದು ಯಾಕೆ?

"ಮೊದಲು ಬಾಯಿ ಬಿಟ್ರೆ ಬೈಗುಳ," ಎಂದಳು ಅಮ್ಮ, ಖುಷಿಯಿಂದ. "ಈಗ ನೋಡು, ಮಾತಾಡಿದ್ರೆ ಮುತ್ತು ಉದುರುತ್ತೆ ಅನ್ನೋ ಹಾಗಿರ್ತಾನೆ. ದಿನಾ ಎದ್ದು ನಿನ್ನ ಬೂಟು ಪಾಲಿಶ್ ಮಾಡ್ತಾನೆ. ಯಾರ ಮನೇಲಿದ್ದಾನೆ ಇಂಥ ತಮ್ಮ?"

"ಟೀ ಕುಡಿಯೋ," ಎಂದ ಮೀಸೆಯಪ್ಪ.

ತಮ್ಮ ಆಮೇಲೆ ಎಂಬಂತೆ ಕೈ ಆಡಿಸಿದ.

ಬಾಯಿ ತೆಗಿ ಎನ್ನುವ ಮಾತು ತುಟಿಯವರೆಗೆ ಬಂತು. ಎಷ್ಟು ಕಳ್ಳರ ಬಾಯಿ ಬಿಡಿಸಿದ್ದ ಮನುಷ್ಯ! ಎದುರಿಗೆ ಅಮ್ಮ ನಗುತ್ತಾ ಕೂತಿದ್ದಳು. ಬೀದಿಯ ಪ್ರತಿ ಮನೆಗೂ ಹೋಗಿ ಮಗ ಗುಣವಾದ ಎಂದು ಹೇಳಿಬಂದವಳು. ಮೀಸೆಯಪ್ಪ ತನ್ನ ಟೀ ಕುಡಿದು ಎದ್ದುಹೋದ. ಮರುದಿನವೂ ಬಾಯಿ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಫೋನ್ ಬಂತು. ದರ್ಜಿಯೊಬ್ಬ ಅಂಗಡಿಯೊಳಗೆ ಸತ್ತುಬಿದ್ದಿದ್ದ. ಪಕ್ಕದಲ್ಲಿ ಸಿರಿಂಜು. ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ಅಂಗಿಯ ತೋಳು ಸಿಕ್ಕಿಕೊಂಡಿತ್ತು. ಶವ ಪಂಚನಾಮೆಗೆ ಹೋದವನು ಮೀಸೆಯಪ್ಪ.

"ವರ್ಷದಿಂದ ಮುಟ್ಟಿರಲಿಲ್ಲ ಸರ್," ಎಂದಳು ದರ್ಜಿಯ ಹೆಂಡತಿ. ಅವಳು ಅಳುತ್ತಿರಲಿಲ್ಲ. ಅದೇ ನೋಡಲಾಗದಂತಿತ್ತು. "ಸೋಮವಾರ ಹೋದ್ರೆ ಮಾತ್ರೆ ಇಲ್ಲ ಅಂದ್ರಂತೆ. ತಡ್ಕೊ, ತಡ್ಕೊ ಅಂದೆ. ಎರಡು ದಿನ ತಡ್ಕೊಂಡ್ರು."

ಮೀಸೆಯಪ್ಪ ಪಂಚನಾಮೆಗೆ ಸಹಿ ಹಾಕಿ, ನೇರವಾಗಿ ಮೇಡಂ ಕೋಣೆಗೆ ಹೋದ.

"ಮೇಡಂ, ನಮ್ಮ ಮನೆ ಶೋಧ ಮಾಡಬೇಕು."

"ಯಾವಾಗಿಂದ ಗೊತ್ತು?"

"ಸೋಮವಾರದಿಂದ ಅನುಮಾನ."

ಮೇಡಂ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಕಡತ ಇಲ್ಲೇ ಇಡಿ. ಇನ್ನು ಈ ಕೇಸಿನಲ್ಲಿ ನೀವು ಬರೀ ಸಾಕ್ಷಿ," ಎಂದಷ್ಟೇ ಹೇಳಿದರು.

ಮಧ್ಯಾಹ್ನ ಮೂರಕ್ಕೆ ಪಂಚರನ್ನು ಕರೆದುಕೊಂಡು ಹೋಗಿ ಶೋಧ ನಡೆಸಿದರು. ಬೀರು, ಹಾಸಿಗೆ, ಅಟ್ಟ, ಎಲ್ಲೂ ಏನೂ ಇರಲಿಲ್ಲ. ಕೊನೆಗೆ ಕಾನ್‌ಸ್ಟೇಬಲ್ ಒಬ್ಬಳು ಬಾಗಿಲ ಹಿಂದಿನ ಮರದ ಪೆಟ್ಟಿಗೆ ತೆರೆದಳು. ಬ್ರಷ್ಷು, ಕರಿ ಬಟ್ಟೆ, ಪಾಲಿಶ್ ಡಬ್ಬಿ, ಅವುಗಳ ಅಡಿಯಲ್ಲಿ ಮಾತ್ರೆಯ ಪಟ್ಟಿಗಳು. ದಿನಾ ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆ ಕೂತು ತಮ್ಮ ಬೂಟು ಉಜ್ಜುವುದನ್ನು ಕಂಡು ಮೀಸೆಯಪ್ಪ ಎಷ್ಟು ಸಲ ಕಣ್ಣು ತುಂಬಿಕೊಂಡಿದ್ದನೋ.

"ಅವನಿಗೆ ವಾಸಿಯಾಗಿದೆ ತಾಯಿ," ಅಮ್ಮ ಮೇಡಂ ಕೈ ಹಿಡಿದಳು. "ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಮೇಡಂ ಪಟ್ಟಿಗಳನ್ನು ಎಣಿಸಿ ಮೊಹರು ಹಾಕಿಸಿದರು. ಸಂಜೆ ಐದಕ್ಕೆ ಕೇಂದ್ರದ ಬಾಗಿಲಲ್ಲೇ ತಮ್ಮನ ದಸ್ತಗಿರಿಯಾಯಿತು.

ವಿಚಾರಣೆ ಉದ್ದವೇನೂ ಆಗಲಿಲ್ಲ. ಮೀಸೆಯಪ್ಪ ಬಾಗಿಲಾಚೆ ನಿಂತು ಕೇಳಿಸಿಕೊಂಡ.

"ಯಾವಾಗಿಂದ?"

"ಡಾಕ್ಟ್ರು ಡೋಸ್ ಕಮ್ಮಿ ಮಾಡಿದಾಗಿಂದ. ಮೈಯೆಲ್ಲ ಹಿಂಡಿದ ಹಾಗಾಗೋದು. ಮೊದಲು ಒಂದು ಜಾಸ್ತಿ, ಆಮೇಲೆ ಅದೂ ಸಾಕಾಗ್ಲಿಲ್ಲ."

"ಡಾಕ್ಟರಿಗೆ ಹೇಳೋಕೇನಾಗಿತ್ತು? ಹಳೇ ಡೋಸೇ ಕೊಡ್ತಿದ್ರು."

"ಹೊಸಬರು ಬಂದಾಗೆಲ್ಲ ನನ್ನನ್ನ ಮುಂದೆ ನಿಲ್ಲಿಸಿ, ಇವನ ಹಾಗಾಗಿ ಅಂತಿದ್ರು ಮೇಡಂ. ಮನೇಲಿ ಅಮ್ಮನೂ ಹಾಗೇ. ಯಾರ ಹತ್ರ ಹೇಳ್ಲಿ?"

"ಮಾರಿದ್ಯಾ?"

"ಒಂದೂ ಇಲ್ಲ."

"ದರ್ಜಿ ಗೊತ್ತಾ?"

"ಮಾತ್ರೆ ಇಲ್ಲ ಅಂತ ಅವನನ್ನ ಬಾಗಿಲಿಂದ ಕಳಿಸಿದ್ದು ನಾನೇ. ಆಗ ನನ್ನ ಜೇಬಲ್ಲಿ ನಾಲ್ಕಿದ್ವು."

ಮರುದಿನ ಬೆಳಿಗ್ಗೆಯ ಹೊತ್ತಿಗೆ ಲಾಕಪ್ಪಿನಲ್ಲಿ ಅವನಿಗೆ ಆಕಳಿಕೆಯ ಮೇಲೆ ಆಕಳಿಕೆ. ಮೂಗು ಸೋರುತ್ತಿತ್ತು, ಕೈಯ ಕೂದಲು ನಿಮಿರಿ ನಿಂತಿತ್ತು. ಮೇಡಂ ಡಾಕ್ಟರಿಗೆ ಫೋನ್ ಮಾಡಿದರು. ಬಂದು ನೋಡುತ್ತೇನೆ, ಆದರೆ ಕೊಡಲು ಮಾತ್ರೆಯೇ ಇಲ್ಲ, ಹೊಸ ಸರಕು ಬರುವುದು ಮುಂದಿನ ವಾರ ಎಂದರು ಅವರು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಮೊಹರು ಬಿದ್ದು ಸಾಕ್ಷ್ಯವಾಗಿ ಕೂತಿತ್ತು.

ಕೋರ್ಟಿಗೆ ಹೊರಡುವ ಮುನ್ನ ಮೀಸೆಯಪ್ಪ ಒಂದು ಲೋಟ ಟೀ ತಂದು ಕಂಬಿಯೊಳಗೆ ಕೊಟ್ಟ. ಹೊಗೆಯಾಡುತ್ತಿದ್ದ ಟೀಯನ್ನು ತಮ್ಮ ಒಂದೇ ಗುಟುಕಿಗೆ ಕುಡಿದ.

"ಇನ್ನೊಂದು ಸಿಗುತ್ತಾ ಅಣ್ಣ? ಚಳಿ. ಅಮ್ಮ ಏನಂದ್ಲು? ಅವಳಿಗೆ ಯಾರಾದ್ರೂ ಹೇಳಿದ್ರಾ? ಆ ದರ್ಜಿಗೆ ಮಕ್ಕಳಿದ್ದಾರಾ ಅಣ್ಣ? ನಿನ್ನ ಬೂಟು ಇವತ್ತು ಯಾರು ಉಜ್ಜಿದ್ರು?"

ವರ್ಷದಿಂದ ಮನೆಯಲ್ಲಿ ಕೇಳದಿದ್ದ ದನಿ ತಡೆಯಿಲ್ಲದೆ ಹರಿಯುತ್ತಿತ್ತು. ಮೀಸೆಯಪ್ಪ ಖಾಲಿ ಲೋಟ ಹಿಡಿದು ನಿಂತಿದ್ದ. ಇವನ ನಾಲಿಗೆ ಕೆಳಗೆ ಮಾತ್ರೆಯಿದ್ದು ಈ ಒಂದು ಲೋಟ ಆರಿಹೋಗಿದ್ದರೆ ಸಾಕಿತ್ತು ಎಂದು ಅವನಿಗೆ, ಒಬ್ಬ ಪೊಲೀಸಿಗೆ, ಅನ್ನಿಸಿತು. ಹೊರಗೆ ವ್ಯಾನ್ ಬಂದು ನಿಂತಿತು. ತಮ್ಮ ಇನ್ನೂ ಮಾತಾಡುತ್ತಲೇ ಇದ್ದ.