ಒಂದೇ ಮನೆಯಿಂದ ನಾಲ್ಕು ಫೋನ್

"ಶ್...! ಮೆಲ್ಲಗೆ! ಮನೆಯವರಿಗೆ ಗೊತ್ತಾಗಬಾರದು!"

ಬಾಗಿಲನ್ನು ಅರ್ಧ ತೆರೆದು, ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ ಹುಡುಗಿಯನ್ನು ನೋಡಿ ಹಳೆ ಫರ್ನಿಚರ್ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ನಗೋಂಥದ್ದು ಏನಾಯ್ತು?" ಅವಳು ಸಿಡುಕಿದಳು. "ಮಂಚ ಮಾರ್ತೀನಿ ಅಂತ ಫೋನ್ ಮಾಡಿದ್ದು ನಾನೇ. ಅಮ್ಮ ಅಡುಗೆಮನೇಲಿದ್ದಾರೆ. ಬೇಗ ಬಿಚ್ಚಿಕೊಂಡು ಹೋಗಿ."

"ಇಲ್ಲ ಮೇಡಂ, ಅಮ್ಮ ನಿಮ್ಮ ಹಿಂದೇನೇ ನಿಂತಿದ್ದಾರೆ. ಬೀರು ಮಾರ್ತೀನಿ ಅಂತ ಅವರೂ ಫೋನ್ ಮಾಡಿದ್ರು."

ಅವಳು ಗಕ್ಕನೆ ತಿರುಗಿದಳು. ಅಮ್ಮ ಸೆರಗಿನ ತುದಿ ತಿರುಚುತ್ತಾ ಗೋಡೆ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ, "ಯಾರದು? ಕುರ್ಚಿ ತಗೊಂಡು ಹೋಗೋರಾ?"

ಅಣ್ಣನಂತೂ ತನ್ನ ಮೇಜನ್ನು ಆಗಲೇ ಅರ್ಧ ಹಜಾರದವರೆಗೆ ಎಳೆದು ತಂದಿದ್ದ!

"ನಾಲ್ಕು ಜನಾನೂ ಒಂದೇ ಮಾತು ಹೇಳಿದ್ರಿ," ಅಂಗಡಿಯವನು ತಲೆ ಕೆರೆದುಕೊಂಡ. "ಮನೆಯವರಿಗೆ ಗೊತ್ತಾಗಬಾರದು ಅಂತ. ಒಂದೇ ವಿಳಾಸ ನೋಡಿ ಯಾರೋ ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ."

ತಮಾಷೆ ಏನೂ ಇರಲಿಲ್ಲ. ಅಣ್ಣ ಸಾಲ ಮಾಡಿ ಬೇಕರಿ ಇಟ್ಟಿದ್ದ. ಬ್ರೆಡ್ ಚೆನ್ನಾಗೇ ಉಬ್ಬುತ್ತಿತ್ತು. ವ್ಯಾಪಾರ ಮಾತ್ರ ಏಳಲೇ ಇಲ್ಲ. ಬೇಕರಿಗೆ ಬೀಗ ಬಿತ್ತು, ಸಾಲ ಮನೆಗೆ ಬಂತು. ಅಂದಿನಿಂದ ಆ ಮನೆಯಲ್ಲಿ ಒಬ್ಬರಿಗೊಬ್ಬರು ಹೇಳದೆ ತ್ಯಾಗ ಮಾಡುವ ಸ್ಪರ್ಧೆ ಶುರುವಾಗಿತ್ತು. ಅಪ್ಪ ಪೇಪರ್ ನಿಲ್ಲಿಸಿದರು. ಅಣ್ಣ ರಾತ್ರಿ ಊಟ ನಿಲ್ಲಿಸಿ "ಹೊಟ್ಟೆ ತುಂಬಿದೆ" ಅನ್ನತೊಡಗಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ನಾಯಕಿ, ಮನೆಯವರು ಪುಟ್ಟಿ ಎಂದು ಕರೆಯುವ ಈ ಮೂಗಿನ ತುದಿ ಕೋಪದ ಹುಡುಗಿ, ತನ್ನ ಸಂಬಳವನ್ನು ಪೂರ್ತಿ ಕಂತಿಗೆ ಸುರಿಯುತ್ತಿದ್ದಳು.

"ಈ ಸಾಮಾನೆಲ್ಲ ಮಾರಿದ್ರೂ ಒಂದು ತಿಂಗಳ ಕಂತು ಹುಟ್ಟಲ್ಲ," ಎಂದ ಅಂಗಡಿಯವನು. "ಆಮೇಲೆ ನಾಲ್ಕು ಜನಾನೂ ನೆಲದ ಮೇಲೆ ಮಲಗಿ ಬೆನ್ನುನೋವಿಗೆ ದುಡ್ಡು ಸುರೀತೀರ. ನಾನು ತಗೊಳ್ಳಲ್ಲ."

ಅಮ್ಮ ಕೊಟ್ಟ ಕಾಫಿ ಕುಡಿದು, ಅಣ್ಣನ ಮೇಜನ್ನು ಒಳಗಿಟ್ಟು, ಅವನು ಖಾಲಿ ವ್ಯಾನಿನಲ್ಲಿ ಹೋಗಿಬಿಟ್ಟ.

*ನಮ್ಮ ಮನೆ ಕಷ್ಟ ನೋಡಿ ನಗೋದಕ್ಕೆ ಇವನ್ಯಾರು?* ಪುಟ್ಟಿ ಹಲ್ಲು ಕಚ್ಚಿದಳು. ಆದರೆ ಆ ನಗು ಯಾಕೋ ಕಣ್ಣಿಂದ ಹೋಗಲೇ ಇಲ್ಲ...

ಮುಂದಿನ ವಾರ ಅವನು ಅವಳಿದ್ದ ಕನ್ನಡಕದ ಅಂಗಡಿಯಲ್ಲಿ ಪ್ರತ್ಯಕ್ಷ!

"ಅಳತೆ ಟೇಪಿನ ಮೇಲಿನ ಅಂಕಿ ಮಸುಕಾಗಿ ಕಾಣುತ್ತೆ ಮೇಡಂ. ಮೊನ್ನೆ ಒಂದು ಬೀರು ಬಾಗಿಲಲ್ಲಿ ತೂರಲೇ ಇಲ್ಲ."

ಅವಳು ಬಿಗಿದ ಮುಖದಲ್ಲೇ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸಿದಳು.

"ಈಗ ಚೆನ್ನಾಗಿ ಕಾಣ್ತಿದೆಯಾ, ಆಗಲಾ?"

"ಆಗ."

"ಈಗ?"

"ಈಗ... ತುಂಬಾ ಚೆನ್ನಾಗಿ ಕಾಣ್ತಿದ್ದೀರ."

"ಎದುರಿಗಿರೋ ಅಕ್ಷರ ಓದಿ!" ಗದರಿದಳೇನೋ ನಿಜ. ಆದರೆ ಕೈಯಲ್ಲಿದ್ದ ಗಾಜು ಜಾರಿ ಅವನ ಮಡಿಲಿಗೆ ಬಿತ್ತು.

ಆಮೇಲೆ ಅವನ ಹೊಸ ಕನ್ನಡಕದ ಸ್ಕ್ರೂ ಸಡಿಲವಾಗತೊಡಗಿತು. ಒಂದು ಸ್ಕ್ರೂ ಅಷ್ಟು ಸಲ ಸಡಿಲವಾದದ್ದು ಆ ಅಂಗಡಿಯ ಚರಿತ್ರೆಯಲ್ಲೇ ಇರಲಿಲ್ಲ. ಅವಳೂ ಅದನ್ನು ಗಟ್ಟಿಯಾಗಿ ಬಿಗಿಯುವ ಗೋಜಿಗೆ ಹೋಗಲಿಲ್ಲವೆನ್ನಿ!

ಒಂದು ಸಂಜೆ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದವನು ತಟ್ಟನೆ ನಿಂತ.

"ನನ್ನನ್ನ ಮದುವೆ ಆಗ್ತೀರಾ?"

ಹೂಂ ಅನ್ನು, ಹೂಂ ಅನ್ನು ಅಂತ ಅವಳ ಮನಸ್ಸು ಕುಣಿಯಿತು. ಬಾಯಿ ಹೇಳಿದ್ದೇ ಬೇರೆ.

"ಸಾಲ ತೀರೋವರೆಗೂ ನನಗೆ ಅಂತ ಏನೂ ಇಟ್ಟುಕೊಳ್ಳಲ್ಲ. ಅದಕ್ಕಿನ್ನೂ ಎಷ್ಟು ವರ್ಷಾನೋ... ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬಸ್ ಬಂತು. ಅವಳು ಹಿಂತಿರುಗಿ ನೋಡದೆ ಹತ್ತಿದಳು. ತ್ಯಾಗ ಮಾಡಿದವರ ಮುಖದಲ್ಲಿ ಒಂದು ಕಳೆ ಇರುತ್ತದೆಂದು ಎಲ್ಲೋ ಓದಿದ್ದಳು. ಬಸ್ಸಿನ ಗಾಜಿನಲ್ಲಿ ಕಂಡದ್ದು ಅತ್ತು ಕೆಂಪಾದ ಮೂಗು ಮಾತ್ರ.

ಕೆಲವು ದಿನ ಕಳೆದು ಅವನ ಅಂಗಡಿಯ ಮುಂದೆ ಹಾದುಹೋಗುವಾಗ ಅವಳು ಅಲ್ಲೇ ನಿಂತುಬಿಟ್ಟಳು. ದಿನಾ ಬೆಳಿಗ್ಗೆ ಅವನು ಮುದ್ದಿನಿಂದ ಒರೆಸುತ್ತಿದ್ದ ವ್ಯಾನಿನ ಮೇಲೆ "ಮಾರಾಟಕ್ಕಿದೆ" ಎಂಬ ಚೀಟಿ!

ದುಡುದುಡು ಒಳಗೆ ನುಗ್ಗಿದಳು. "ಯಾಕೆ ಮಾರ್ತಿದ್ದೀರ ಅದನ್ನ?"

ಅವನು ಮೇಜಿನ ಕಾಲು ಉಜ್ಜುತ್ತಿದ್ದ ಮರಳುಕಾಗದ ಕೆಳಗಿಟ್ಟ. "ನಿಮ್ಮ ಸಾಲಕ್ಕೆ. ಅದು ತೀರಿದ್ರೆ ತಾನೇ ನೀವು ಹೂಂ ಅನ್ನೋದು?"

"ನಮ್ಮನೇಲಿ ನಾಲ್ಕು ಜನ ತ್ಯಾಗ ಮಾಡೋರು ಸಾಲದು ಅಂತ ಐದನೆಯವರಾಗಿ ನೀವು ಬಂದ್ರಾ? ನಾನೇನು ಭಿಕ್ಷೆ ಕೇಳಿದ್ನಾ?"

ಅವನ ಮುಖ ಸಪ್ಪಗಾಯಿತು. ಮೊದಲ ಸಲ ಆ ಕಣ್ಣುಗಳಲ್ಲಿ ನಗು ಇರಲಿಲ್ಲ.

"ಭಿಕ್ಷೆ ಅಲ್ಲ. ನೀವು ಮಾಡಿದ್ದನ್ನೇ ನಾನೂ ಮಾಡ್ದೆ. ಒಂದು ವ್ಯತ್ಯಾಸ... ನಾನು ಬಿಟ್ಟುಕೊಡ್ತಿರೋದು ಗಾಡಿ. ನೀವು ಬಿಟ್ಟುಕೊಟ್ಟಿದ್ದು ನನ್ನನ್ನ. ಬಿಟ್ಟುಕೊಡೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

ಉತ್ತರ ಇಲ್ಲದಾಗ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಇನ್ನಷ್ಟು ಸಿಟ್ಟು ಮಾಡಿಕೊಂಡು ಹೊರಟುಬಿಟ್ಟಳು.

ಮನೆಗೆ ಬಂದರೆ ಅಮ್ಮನ ಕೆನ್ನೆ ಊದಿ ಕುಳಿತಿತ್ತು. ಹಲ್ಲುನೋವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರಂತೆ. ಎಲ್ಲರೂ ಆಸ್ಪತ್ರೆಗೆ ಓಡಿದರು. ಮೊದಲೇ ಬಂದಿದ್ದರೆ ಚಿಕ್ಕ ಖರ್ಚಿನಲ್ಲಿ ಮುಗಿಯುತ್ತಿತ್ತು, ಈಗ ಎರಡು ಹಲ್ಲು ಕೀಳಬೇಕು, ಕೀವು ತೆಗೆಯಬೇಕು ಎಂದರು ಡಾಕ್ಟರು.

"ನನ್ನ ಮಂಡಿನೋವಿನ ಮಾತ್ರೆ ನಿಲ್ಲಿಸಿದ್ರಾಯ್ತು, ಅದಕ್ಕೇನಂತೆ," ಎಂದರು ಅಪ್ಪ, ಆಸ್ಪತ್ರೆಯಿಂದ ಬಂದ ತಕ್ಷಣ.

"ಬೇಡ, ನಾನು ಭಾನುವಾರಾನೂ ಕೆಲಸಕ್ಕೆ ಹೋಗ್ತೀನಿ," ಎಂದ ಅಣ್ಣ. ಈಗ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಸಾಕು!" ಪುಟ್ಟಿ ಕೂಗಿದಳು. "ಒಬ್ಬರನ್ನೊಬ್ಬರು ಕಾಪಾಡ್ತೀವಿ ಅಂತ ಎಲ್ಲರೂ ಸೇರಿ ಸಾಯ್ತಿದ್ದೀವಿ!"

ಅಣ್ಣ ತಲೆ ತಗ್ಗಿಸಿದ. "ನಾನೂ ಹೇಳ್ಲಾ ಒಂದು ಮಾತು? ನೀವು ಒಂದೊಂದು ಬಿಟ್ಟಾಗಲೂ ನನ್ನ ಸಾಲ ಕಮ್ಮಿ ಆಗಲ್ಲ ಪುಟ್ಟಿ, ಜಾಸ್ತಿ ಆಗುತ್ತೆ. ಬ್ಯಾಂಕಿನದ್ದು ಹೇಗೋ ತೀರಿಸಬಹುದು. ಅಮ್ಮನ ಹಲ್ಲನ್ನ ನಾನು ಹೇಗೆ ತೀರಿಸ್ಲಿ?"

ಅಪ್ಪ ಮಗನ ಭುಜದ ಮೇಲೆ ಕೈಯಿಟ್ಟರು.

"ಹಾಗಾದ್ರೆ ಕೇಳಿ," ಪುಟ್ಟಿ ಕಣ್ಣೊರೆಸಿಕೊಂಡಳು. "ಔಷಧಿ, ಹೊಟ್ಟೆ, ನಿದ್ದೆ, ಇವನ್ನ ಯಾರೂ ಮುಟ್ಟೋ ಹಾಗಿಲ್ಲ. ಅಪ್ಪನ ಪಿಂಚಣಿ ಮನೆ ಖರ್ಚಿಗೆ. ನನ್ನ ಸಂಬಳದಲ್ಲಿ ಮೂರನೇ ಒಂದು ಭಾಗ ಸಾಲಕ್ಕೆ ಕೊಡ್ತೀನಿ. ಅದರ ಮೇಲೆ ಒಂದು ಕಾಸೂ ಕೊಡಲ್ಲ. ಕಂತಿನಲ್ಲಿ ಉಳಿದಿದ್ದು ಅಣ್ಣಂದು. ಬ್ಯಾಂಕಿಗೆ ಎಲ್ಲರೂ ಹೋಗಿ ಕಂತು ಚಿಕ್ಕದು ಮಾಡಿಸೋಣ. ವರ್ಷ ಜಾಸ್ತಿ ಆದ್ರೆ ಆಗ್ಲಿ."

"ಅಯ್ಯೋ, ಬಡ್ಡಿ ಬೀಳುತ್ತಲ್ಲೇ!" ಅಮ್ಮ ಊದಿದ ಕೆನ್ನೆ ಹಿಡಿದುಕೊಂಡೇ ಗೊಣಗಿದರು.

"ನಿಮ್ಮ ಹಲ್ಲಿಗಿಂತ ಅಗ್ಗ ಅಮ್ಮಾ!"

ಆ ಊದಿದ ಮುಖದಲ್ಲೂ ಅಮ್ಮನಿಗೆ ನಗು ಬಂತು. ಅಮ್ಮ ನಕ್ಕಿದ್ದೇ ತಡ, ಎಲ್ಲರೂ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಮ್ಮ ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾಲ್ವರೂ ಬ್ಯಾಂಕಿಗೆ ಹೋದರು. ಮ್ಯಾನೇಜರ್ ಲೆಕ್ಕ ಹಾಕಿ, ಮತ್ತೆ ಹಾಕಿ, ಕೊನೆಗೆ ಒಪ್ಪಿದರು. ಮೆಟ್ಟಿಲಿಳಿಯುವಾಗ ಅಪ್ಪನ ಹೆಜ್ಜೆಯೇ ಹಗುರ.

"ನಾಳೆಯಿಂದ ನನ್ನ ಪೇಪರ್ ವಾಪಸ್! ಇವನಿಗೆ ರಾತ್ರಿ ಊಟ ವಾಪಸ್. ಪುಟ್ಟಿ, ನೀನೇನು ಬಿಟ್ಟಿದ್ದೆ?"

ಅವಳ ಕಿವಿ ಕೆಂಪಾಯಿತು. "ಅದು... ಒಬ್ಬರನ್ನ."

"ಆ ಮಂಚದವನನ್ನ ತಾನೇ?" ಎಂದರು ಅಮ್ಮ ಥಟ್ಟನೆ.

"ಅಮ್ಮಾ! ನಿಮಗೆ ಹೇಗೆ ಗೊತ್ತು?"

"ಅವರ ಕನ್ನಡಕದ ಸ್ಕ್ರೂ ಬಗ್ಗೆ ದಿನಾ ಊಟದ ಹೊತ್ತಲ್ಲಿ ಹೇಳ್ತಿದ್ದೆಯಲ್ಲ!" ಅಣ್ಣ ಅವಳ ಜಡೆ ಎಳೆದ. "ಇನ್ನೂ ಇಲ್ಲೇ ನಿಂತಿದ್ದೀಯಾ? ಓಡೇ!"

ಅವಳು ಓಡಿದಳು. ನಿಜವಾಗಿ ಓಡಿದಳು, ಒಂದು ಚಪ್ಪಲಿಯ ಪಟ್ಟಿ ಬಿಚ್ಚಿಹೋಗಿದ್ದರೂ ಲೆಕ್ಕಿಸದೆ!

ಅಂಗಡಿಯ ಮುಂದೆ ದಪ್ಪ ಮೀಸೆಯವರೊಬ್ಬರು ವ್ಯಾನಿನ ಚಕ್ರ ಒದ್ದು ನೋಡುತ್ತಿದ್ದರು.

"ಮಾರಾಟಕ್ಕಿಲ್ಲ ಸರ್!" ಅವಳು ಏದುಸಿರು ಬಿಡುತ್ತಲೇ ಚೀಟಿ ಕಿತ್ತಳು.

"ನೀವ್ಯಾರಮ್ಮ?"

"ಅದನ್ನೇ ಕೇಳೋಕೆ ಬಂದಿದ್ದೀನಿ," ಎಂದು ಅವಳು ಬಾಗಿಲಲ್ಲಿ ನಿಂತಿದ್ದವನ ಕಡೆ ತಿರುಗಿದಳು.

ಮೀಸೆಯವರು ಇಬ್ಬರನ್ನೂ ನೋಡಿ, ಕೆಮ್ಮಿ, ಅಲ್ಲಿಂದ ಜಾಗ ಖಾಲಿ ಮಾಡಿದರು. ಅವನ ಮುಖ ಇಳಿದುಹೋಗಿತ್ತು, ಗಡ್ಡ ಬೆಳೆದಿತ್ತು.

"ನಿಮ್ಮನ್ನ ಕೇಳದೆ ನಿಮ್ಮನ್ನ ದೂರ ಮಾಡಿದ್ದು ತಪ್ಪಾಯ್ತು," ಎಂದಳು. "ಸಾಲ ಇನ್ನೂ ಇದೆ. ಮೊದಲಿಗಿಂತ ಜಾಸ್ತಿ ವರ್ಷ ಇರುತ್ತೆ. ಅದಕ್ಕೆ ನಿಮ್ಮದೊಂದು ಬಿಡಿಗಾಸೂ ಬೇಡ. ಆದ್ರೆ ಅದು ತೀರೋವರೆಗೂ ಕಾಯೋಕೆ ನನ್ನ ಕೈಲಿ ಆಗಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಸಾಲದ ಜೊತೆಗೇ ಮದುವೆ ಆಗ್ತೀನಿ. ಆಗಬಹುದಾ?"

ನಿಧಾನವಾಗಿ, ಮೊದಲು ಅವನ ಕಣ್ಣು, ಆಮೇಲೆ ಇಡೀ ಮುಖ ನಕ್ಕಿತು.

"ನಾನೇನೂ ಕೊಡದೆ ಸುಮ್ಮನೆ ಹೂಂ ಅಂದುಬಿಡಬಹುದಾ?"

"ಸುಮ್ಮನೆ ಅಂದ್ರೆ ಸಾಕು."

"ಹೂಂ... ಹೂಂ... ಹೂಂ!"

"ಒಂದು ಸಲ ಸಾಕಿತ್ತು!" ಅವಳು ಅಳುತ್ತಲೇ ನಕ್ಕಳು.

ಅವನು ಮರದ ಪುಡಿ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಕಣ್ಣೀರು ಒರೆಸಿದ.

"ಹೂಂ ಅನ್ನೋದ್ರಲ್ಲಿ ಮಾತ್ರ ನಾನು ಉಳಿತಾಯ ಮಾಡಲ್ಲ ಮೇಡಂ."