ಬರಡು ಎಂದು ಬರೆಯುವ ಮುನ್ನ

"ಏಯ್! ಕೈ ತಗೀರಿ! ಆ ಗೂಟ ಯಾಕ ಕೀಳಾಕತ್ತೀರಿ?"

ಅಂಕಲಗಿ ಹತ್ತಿರದ ಗುಡ್ಡದ ಮೇಲೆ ನಂದಾ ಕೂಗಿದ ರಭಸಕ್ಕೆ ಕುರಿಗಳೆಲ್ಲ ಚದುರಿದವು. ಕುರಿ ಕಾಯುವ ಶಿವಪುತ್ರ ಮಾತ್ರ ಜಪ್ಪಯ್ಯ ಅನ್ನಲಿಲ್ಲ! ಅವಳದೇ ಕಬ್ಬಿಣದ ಗೂಟ ಕೈಯಲ್ಲಿ ಹಿಡಿದು ಆರಾಮಾಗಿ ಎದ್ದು ನಿಂತ.

"ಇಲ್ಲಿ ಬ್ಯಾಡ್ರಿ ಮೇಡಂ. ಒಂದು ಗೇಣು ಆಚೆ ಹೊಡೀರಿ."

"ಯಾಕ?"

ಅವನ ಕಣ್ಣು ಅವಳ ಚೀಲದ ಮೇಲಿದ್ದ 'ಗಣಿ ಸರ್ವೆ' ಎಂಬ ಅಕ್ಷರಗಳ ಮೇಲೆ ನಿಂತಿತು.

"ಹೇಳಂಗಿಲ್ರಿ."

ಹೇಳುವುದಿಲ್ಲವಂತೆ! ಎಂಥಾ ಸೊಕ್ಕು!

ಈ ಗುಡ್ಡವನ್ನು ಗಣಿ ಕಂಪನಿಯವರು ಕೇಳಿದ್ದರು. ಅಗೆಯುವ ಮುಂಚೆ ಇಲ್ಲಿ ಏನೇನು ಬೆಳೆಯುತ್ತದೆ ಎಂದು ಎಣಿಸುವುದು ಸರ್ವೆ ಕಂಪನಿಯ ನಂದಾಳ ಕೆಲಸ. ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ, ಚೌಕದೊಳಗಿನ ಒಂದೊಂದು ಗಿಡವನ್ನೂ ಬರೆಯಬೇಕು. ಸಿಕ್ಕಿದ್ದು ಒಣಹುಲ್ಲು, ಮುಳ್ಳುಕಂಟಿ, ಬರೀ ಕಲ್ಲು. ಅವಳು 'ಬರಡು' ಎಂದು ಬರೆದು ಸಹಿ ಹಾಕಿದರೆ ಗುಡ್ಡದ ಕಥೆ ಮುಗಿಯಿತು. ಉಳಿದಿದ್ದು ನಾಲ್ಕೇ ದಿನ.

ಮರುದಿನವೂ ಗೂಟಗಳು ಜರುಗಿದ್ದವು. 'ಗಿಡ ಎಣಿಕಿಗೆ ಸಿಗಬಾರದಂತ ಗಣಿಯವರೇ ಇವನನ್ನ ಬಿಟ್ಟಾರ...' ನಂದಾಳ ಪಿತ್ತ ನೆತ್ತಿಗೇರಿತು. ಚಹಾದಂಗಡಿಯಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು.

"ನೀವು ಗಣಿಯವರ ಮನುಷ್ಯಾ ಅಲ್ಲೇನ್ರಿ?"

ಶಿವಪುತ್ರ ಕಪ್ಪು ಕೆಳಗಿಟ್ಟ.

"ನಾನಲ್ರಿ... ನೀವು."

ಅಷ್ಟೇ ಅಂದು ಹೊರಟುಹೋದ. ಅವನ ಕಣ್ಣಲ್ಲಿ ಕಂಡ ನೋವು ಅವಳಿಗೆ ಚುಚ್ಚಿತು. 'ನಾ ತಪ್ಪು ಮಾಡಿದ್ನೇನು?'

ಅಂದು ಸಂಜೆ ಮೊದಲ ಮಳೆ ಸುರಿಯಿತು. ಎರಡು ದಿನ ಬಿಟ್ಟು, ಕೊನೆಯ ಎಣಿಕೆಗೆಂದು ಬೆಳಿಗ್ಗೆ ಗುಡ್ಡ ಹತ್ತಿದವಳು ನಿಂತಲ್ಲೇ ನಿಂತಳು.

ಗುಡ್ಡವೆಲ್ಲ ಬೆಳ್ಳಗಾಗಿತ್ತು!

ಎಲೆಯಿಲ್ಲ, ಕೊಂಬೆಯಿಲ್ಲ... ಕಲ್ಲಿನ ಸಂದಿಯಿಂದ ನೇರ ಎದ್ದ ಹೂವು. ಆರಾರು ಎಸಳಿನ ಸಾವಿರಾರು ಹೂವು. ಕಾಲಿಡಲೂ ಜಾಗವಿಲ್ಲ. ಇಷ್ಟು ದಿನ ಇವುಗಳ ನೆತ್ತಿಯ ಮೇಲೇ ಓಡಾಡಿದೆನಲ್ಲ! ಚಪ್ಪಲಿ ಬಿಟ್ಟಳು. ಯಾಕೆ ಬಿಟ್ಟಳೋ ಅವಳಿಗೇ ಗೊತ್ತಿಲ್ಲ.

ಅವನು ಗೂಟ ಕಿತ್ತ ಒಂದೊಂದು ಕಡೆಯೂ ಹೂ ಎದ್ದಿತ್ತು. ಅವನ ಕಣ್ಣು ತಪ್ಪಿದ್ದು ಒಂದೇ ಗೂಟ. ಅದರ ಬುಡದಲ್ಲಿ ಸೀಳಿದ ಹೂವಿನ ಗಡ್ಡೆಯೊಂದು ಕಪ್ಪಾಗಿ ಬಿದ್ದಿತ್ತು. ನಂದಾಳ ಕಣ್ಣು ತುಂಬಿ ಬಂತು.

ಶಿವಪುತ್ರ ಕುರಿಗಳೊಂದಿಗೆ ಕೆಳಗೇ ನಿಂತಿದ್ದ.

"ಮ್ಯಾಲ ಯಾಕ ಬರವಲ್ರಿ?"

"ಹೂ ಎದ್ದ ಮ್ಯಾಲ ಬೀಜ ಆಗೂತನಕ ಕುರಿ ಹತ್ತಸಂಗಿಲ್ರಿ. ನಮ್ಮ ಮುತ್ಯಾನ ಕಾಲದಿಂದ ಹಿಂಗ."

"ಮೊದಲ ಯಾಕ ಹೇಳಲಿಲ್ಲ?"

"ಗಡ್ಡಿ ಎಲ್ಲಿ ಅದಾವ ಅಂತ ತೋರಿಸಿದ್ರ, ಗಣಿಯವರು ಅದನ್ನ ಮೊದಲ ಕಿತ್ತು ಒಗೀತಾರ ಅಂತ ಅಂಜಿದ್ನಿ."

"ತಪ್ಪಾತ್ರಿ... ಮಂದಿ ಮುಂದ ನಿಮಗ ಹಂಗ ಅನಬಾರದಿತ್ತು."

ಅಷ್ಟರಲ್ಲಿ ಅವಳ ಸರ್ವೆ ಕಂಪನಿಯ ಸಾಹೇಬರ ಫೋನು. 'ಬರಡು' ಎಂದು ಇವತ್ತೇ ಬರೆದು ಕಳಿಸಬೇಕು, ಇಲ್ಲದಿದ್ದರೆ ಕೆಲಸಕ್ಕೆ ಬರುವುದೇ ಬೇಡ!

"ಬರಂಗಿಲ್ರಿ," ಎಂದಳು ನಂದಾ.

"ಕೆಲಸ ಹೋತಲ್ರಿ!" ಶಿವಪುತ್ರ ಗಾಬರಿಯಾದ.

"ಹೋಗ್ಲಿ. ಇದನ್ನ ಎಣಿಸಿ, ಪರವಾನಗಿ ಕೊಡೋರ ಕೈಗೇ ನಾ ಒಯ್ದು ಕೊಡ್ತೇನಿ. ಬರ್ರಿ, ಆ ಕಡೆ ಹಗ್ಗ ಹಿಡೀರಿ."

ಶಿವಪುತ್ರ ಕುರಿಗಳನ್ನು ಜೊತೆಗಿದ್ದ ತನ್ನ ತಮ್ಮನಿಗೆ ಒಪ್ಪಿಸಿ ಬಂದ. ಹೊತ್ತು ಇಳಿಯುವವರೆಗೆ ಎಣಿಸಿದರೂ ಅರ್ಧ ಗುಡ್ಡ ಮುಗಿಯಲಿಲ್ಲ.

"ತೋರಿಸಿದವರ ಹೆಸರೂ ಬರೀಬೇಕ್ರಿ. ನಿಮ್ಮದು ಬರೀಲಿ?"

"ಬರೀರಿ... ನಿಮ್ಮ ಹೆಸರಿನ ಬಾಜೂಕ ಬರೀರಿ."

ಅವಳ ಪೆನ್ನು ನಿಂತಿತು.

"ಈ ಕಾಗದದಾಗ ಅಷ್ಟ ಏನ್ರಿ?"

ಶಿವಪುತ್ರ ಮೊದಲ ಸಲ ತಲೆ ತಗ್ಗಿಸಿದ.

"ಲಗ್ನಪತ್ರಿಕ್ಯಾಗೂ ನಡೀತೈತ್ರಿ... ನಿಮಗ ಮನಸಿದ್ರ."

"ಗುಡ್ಡ ಉಳೀತೈತೋ ಇಲ್ಲೋ ಗೊತ್ತಿಲ್ಲ. ನನಗ ಕೆಲಸಾನೂ ಇಲ್ಲ. ಆದ್ರೂ?"

"ಆದ್ರೂ."

ನಂದಾ ಕಣ್ಣೊರೆಸಿಕೊಂಡು ಅವನ ಹೆಸರು ಬರೆದಳು. ಅದರ ಪಕ್ಕದಲ್ಲೇ, ನಡುವೆ ಜಾಗ ಬಿಡದೆ, ತನ್ನದನ್ನೂ ಬರೆದಳು.